ಚಾಮಯ್ಯ ತಲೆ ಮುರಿದ ಸೂರ್ಯಕಾಂತಿ

ಹೊಗೆಸೊಪ್ಪಿನ ಕುಡಿ ಚಿವುಟುವುದರಲ್ಲಿ ಬೆಟ್ಟದಪುರದ ಚಾಮಯ್ಯನನ್ನು ಮೀರಿಸುವವರಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಹಾಗೆ ಹೇಳಬೇಕೆಂದು ಊರಿನವರಿಗೆ ಕಲಿಸಿದವನೂ ಚಾಮಯ್ಯನೇ. ಹೊಗೆಸೊಪ್ಪಿನ ಗಿಡ ಹೂ ತೋರಿಸಿದ ಕೂಡಲೇ ಅದರ ತಲೆ ಮುರಿಯಬೇಕು. ಮುರಿದರೆ ಸಾರವೆಲ್ಲ ಎಲೆಗೆ ಇಳಿದು ಎಲೆ ಮೊರದಗಲ ಆಗುತ್ತದೆ. ಬಿಟ್ಟರೆ ಗಿಡ ಬೀಜದ ಯೋಚನೆಗೆ ಬಿದ್ದು ಎಲೆಯನ್ನು ಮರೆಯುತ್ತದೆ. ಇಪ್ಪತ್ತು ವರ್ಷ ಚಿವುಟಿ ಚಿವುಟಿ ಅವನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಯಾವ ಗಿಡ ಹೂ ಬಿಟ್ಟರೂ ಆ ಬೆರಳು ತುರಿಸುತ್ತಿತ್ತು, ಪಾಪ.

ಆ ವರ್ಷ ಅವನ ಹಿತ್ತಲಲ್ಲಿ ಹನ್ನೆರಡು ಸೂರ್ಯಕಾಂತಿ ಗಿಡ ಎದ್ದವು. ಬೀಜ ಕೊಟ್ಟವರು ಮೇಷ್ಟ್ರ ಹೆಂಡತಿ ರುಕ್ಮಿಣಮ್ಮ. ಮೇಷ್ಟ್ರಿಗೆ ಹೆಗ್ಗಡದೇವನಕೋಟೆಗೆ ವರ್ಗವಾಗಿತ್ತು. ಗಾಡಿ ಹತ್ತುವ ಮುಂಚೆ ಆಕೆ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡಿದ್ದ ಬೀಜವಷ್ಟನ್ನೂ ಚಾಮಯ್ಯನ ಹೆಂಡತಿ ಕೆಂಪಾಜಮ್ಮನ ಸೆರಗಿಗೆ ಸುರಿದು, "ಅಲ್ಲಿ ಹಿತ್ತಲಿದೆಯೋ ಇಲ್ಲವೋ, ನೀನೇ ಬೆಳೆಸು. ಹೂವೆಲ್ಲ ಆದ ಮೇಲೆ ನನಗೊಂದು ಹಿಡಿ ಬೀಜ ಕಳಿಸು" ಎಂದಿದ್ದರು.

"ಒಂದಿಡಿಗೆ ಎರಡಿಡಿ ಕಳಿಸ್ತೀನಿ ಕಣ್ರವ್ವಾ" ಎಂದು ಕೆಂಪಾಜಮ್ಮ ಮಾತು ಕೊಟ್ಟಿದ್ದಳು. ಈಸಿಕೊಂಡ ಬಿತ್ತನೆ ಬೀಜವನ್ನು ಹಿಂದಕ್ಕೆ ಕೊಡದ ಮನೆ ಏಳಿಗೆಯಾಗುವುದಿಲ್ಲ ಎಂದು ಅವಳ ಅತ್ತೆ ಸಾಯುವತನಕ ಹೇಳುತ್ತಿದ್ದರು.

ಹೂ ಬಿಟ್ಟಾಗ ಊರೇ ಬಂದು ನೋಡಿತು. ಗೌರಿ ಹಬ್ಬದ ಹೊತ್ತಿಗೆ ದಳಗಳೆಲ್ಲ ಉದುರಿ, ಹೂವು ತಲೆ ಬಗ್ಗಿಸಿ ನಿಂತವು. ಅಷ್ಟರಲ್ಲಿ ತವರೂರು ಮಿರ್ಲೆಯಿಂದ ಕೆಂಪಾಜಮ್ಮನ ಅಣ್ಣ ಗಾಡಿ ಕಟ್ಟಿಕೊಂಡು ತಂಗಿಯನ್ನು ಹಬ್ಬಕ್ಕೆ ಕರೆಯಲು ಬಂದ. ಕೆಂಪಾಜಮ್ಮ ಗಾಡಿಯಲ್ಲಿ ಕುಳಿತು, "ಗಿಡ ನೋಡ್ಕಳಿ" ಎಂದಳು. ಹೇಗೆ ಎಂದು ಹೇಳಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವಳು ಹೇಳಬೇಕಿತ್ತು.

ಗಾಡಿ ಊರಾಚೆ ಹೋಗುವುದರೊಳಗೆ ಚಾಮಯ್ಯ ಹಿತ್ತಲಲ್ಲಿದ್ದ. ಹೂವಿನ ಕೆಲಸ ಮುಗಿದಿದೆ, ಇನ್ನು ಈ ಭಾರ ಗಿಡಕ್ಕೇಕೆ? ಹನ್ನೆರಡು ತಲೆಗಳನ್ನೂ ಮುರಿದು ತಿಪ್ಪೆಗೆ ಎಸೆದ. ಮೂರು ದಿನಕ್ಕೆ ಎಲೆ ಅಗಲವಾದಂತೆ ಅವನ ಕಣ್ಣಿಗೆ ಕಂಡಿತು. ಎಲೆ ಕೊಯ್ದು, ದಾರಕ್ಕೆ ಪೋಣಿಸಿ, ಸೂರಿಗೆ ನೇತುಹಾಕಿದ. ಅರೆಬರೆ ಒಣಗಿದ್ದನ್ನು ಸುರುಳಿ ಸುತ್ತಿ ಪಕ್ಕದ ಮನೆಯ ಸಣ್ಣಯ್ಯನಿಗೆ ಕೊಟ್ಟ. ಸಣ್ಣಯ್ಯ ಒಂದು ದಮ್ಮೆಳೆದು, ಕೆಮ್ಮಿ, ಜಗಲಿಯಿಂದ ಇಳಿದು, ಮತ್ತೆ ಕೆಮ್ಮಿ, "ಇದ ಸೇದಾದ್ಕಿಂತ ಒಲೆ ಒಳಿಕ್ಕೆ ತಲೆ ಇಕ್ಕೋದು ವಾಸಿ ಕಣ್ಲಾ" ಎಂದ. ರುಚಿ ಗೊತ್ತಿಲ್ಲದವನು ಎಂದುಕೊಂಡ ಚಾಮಯ್ಯ.

ಎಂಟನೆಯ ದಿನ ಕೆಂಪಾಜಮ್ಮ ಬಂದಳು. ಕೈಯಲ್ಲಿದ್ದ ಬಾಗಿನದ ಮೊರವನ್ನು ಇಳಿಸದೆ ಹಿತ್ತಲಿಗೆ ಹೋದಳು. ಹನ್ನೆರಡು ಬೋಳು ಕೋಲು ನಿಂತಿದ್ದವು.

"ತಲೆ ಎಲ್ಲಿ?"

"ತಿಪ್ಪೇಲಿ."

"ಬೀಜ ಅದರೊಳಗಲ್ವಾ ಇದ್ದಿದ್ದು? ಒಗೆಸೊಪ್ಪಲ್ಲೇ ಬೀಜಕ್ಕೆ ಅಂತ ನಾಕು ಗಿಡವ ಮುಟ್ದೆ ಬುಡ್ತೀರಲ್ಲಾ, ಇದರಲ್ಲಿ ಒಂದ ಬುಡಾಕಾಗ್ನಿಲ್ವಾ?"

ಚಾಮಯ್ಯನಿಗೆ ಆಗ ಹೊಳೆಯಿತು. ಗುದ್ದಲಿ ಹಿಡಿದು ತಿಪ್ಪೆಗೆ ಓಡಿದ. ಎಂಟು ದಿನದ ಮಳೆ, ಎಂಟು ದಿನದ ಸಗಣಿ, ಊರಿನ ಕೋಳಿಗಳು. ಸೊಂಟದವರೆಗೆ ಅಗೆದರೂ ಅವನಿಗೆ ಸಿಕ್ಕಿದ್ದು ಕೊಳೆತ ಸಿಪ್ಪೆ ಮಾತ್ರ. ಮಾಡಿದ್ದುಣ್ಣೋ ಮಹರಾಯ.

ಅಂದಿನಿಂದ ಕೆಂಪಾಜಮ್ಮ ಅವನೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನು ಎತ್ತಿಗೆ ಹೇಳುತ್ತಿದ್ದಳು. "ಏ ಬಸವ, ಮುದ್ದೆ ಆಗ್ಯದೆ, ಉಣ್ಣೋರು ಬರಬೋದಂತೆ." ಚಾಮಯ್ಯನೂ ಎತ್ತಿನ ಕಡೆ ತಿರುಗಿ, "ಬತ್ತೀನಿ ಅನ್ನಪ್ಪಾ" ಎನ್ನುತ್ತಿದ್ದ. ಎತ್ತು ಇಬ್ಬರನ್ನೂ ನೋಡಿ ಮೆಲುಕು ಹಾಕುತ್ತಿತ್ತು.

ಸಂಕ್ರಾಂತಿಗೆ ಹೆಗ್ಗಡದೇವನಕೋಟೆಯಿಂದ ಬಂದ ಗಾಡಿಯ ಕರಿಯಪ್ಪ ಬೀದಿಯಿಂದಲೇ, "ರುಕ್ಮಿಣಮ್ಮೋರು ಬೀಜ ಆಯ್ತಾ ಅಂತ ಕೇಳುದ್ರು ಕಣವ್ವಾ" ಎಂದ. ಕೆಂಪಾಜಮ್ಮ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು. ಒಲೆ ಉರಿಯುತ್ತಿರಲಿಲ್ಲ, ಹೊಗೆಯೂ ಇರಲಿಲ್ಲ, ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದ ಚಾಮಯ್ಯನಿಗೆ ತನ್ನ ಹೆಬ್ಬೆರಳನ್ನು ಕತ್ತರಿಸಿ ಎಸೆಯುವಷ್ಟು ನಾಚಿಕೆಯಾಯಿತು.

ಯುಗಾದಿ ಕಳೆದ ಮೇಲೆ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಯಿತು. ಮಳೆ ಬಿದ್ದಿತು, ಹೊಗೆಸೊಪ್ಪಿನ ಸಸಿ ನೆಟ್ಟದ್ದಾಯಿತು. ಹದಿನೈದು ದಿನಕ್ಕೆ ಸಾಲುಗಳ ನಡುವೆ ದಪ್ಪ ದಂಟಿನ ಬೇರೆ ಜಾತಿಯ ಮೊಳಕೆ ಕಂಡವು. ಕಳೆ ಕೀಳಲು ಬಗ್ಗಿದ ಚಾಮಯ್ಯ ಹಾಗೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಕೋಳಿಗಳ ಕಣ್ಣು ತಪ್ಪಿಸಿ ಉಳಿದ ಬೀಜಗಳು! ಎಣಿಸಿದ. ಒಂಬತ್ತು.

ಮನೆಯಲ್ಲಿ ಹೇಳಲಿಲ್ಲ. ಹೇಳಿ ಮತ್ತೆ ಕೆಟ್ಟರೆ ಎತ್ತಿಗೂ ಮುಖ ತೋರಿಸುವ ಹಾಗಿರಲಿಲ್ಲ. ಒಂಬತ್ತಕ್ಕೂ ಮುಳ್ಳಿನ ಬೇಲಿ ಕಟ್ಟಿದ. ಹೂ ಬಿಟ್ಟಾಗ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದ. "ಒಗೆಸೊಪ್ಪಿನ ಸಾರವೆಲ್ಲ ಇವೇ ತಿಂತವೆ, ಮುರಿಯಲಾ" ಎಂದ ಸಣ್ಣಯ್ಯನಿಗೆ, "ಮುಟ್ಟುದ್ರೆ ನಿನ್ ತಲೆ ಮುರೀತೀನಿ" ಎಂದ.

ದಳ ಉದುರಿ ಕಾಳು ಬಲಿಯತೊಡಗಿದಾಗ ಗಿಣಿಗಳು ಬಂದವು. ಚಾಮಯ್ಯ ಸೀಮೆಎಣ್ಣೆ ಡಬ್ಬ ಹಿಡಿದು ಬೆಳಗಿನಿಂದ ಬೈಗಿನವರೆಗೆ ಬಡಿಯುತ್ತ ಕುಳಿತ. ಈ ಕಡೆ ಎದ್ದರೆ ಆ ಕಡೆ ಗಿಣಿ. ನಾಲ್ಕು ದಿನ ಅವನು ಮನೆಯಲ್ಲಿ ಉಂಡಿರಲಿಲ್ಲ. ಐದನೆಯ ದಿನ ಬುತ್ತಿ ಹೊತ್ತು ಹೊಲಕ್ಕೆ ಬಂದ ಕೆಂಪಾಜಮ್ಮ ಬದುವಿನ ಮೇಲೆ ನಿಂತುಬಿಟ್ಟಳು. ಒಂಬತ್ತು ಸೂರ್ಯಕಾಂತಿ ತಲೆ ಬಗ್ಗಿಸಿ ನಿಂತಿದ್ದವು. ಅವುಗಳ ಸುತ್ತ, ಸೀಮೆಗೇ ಹೆಸರಾದ ಚಾಮಯ್ಯನ ಹೊಗೆಸೊಪ್ಪು, ಒಂದು ಕುಡಿಯನ್ನೂ ಚಿವುಟದೆ, ಹೊಲ ತುಂಬ ಹೂ ಬಿಟ್ಟಿತ್ತು.

ಹತ್ತಿರದಲ್ಲಿ ಎತ್ತು ಇರಲಿಲ್ಲ.

"ಒಗೆಸೊಪ್ಪು ಊವಾಗೋಗ್ಯದಲ್ರೀ! ಕಾಣಾಕಿಲ್ವಾ?"

"ಕಾಣ್ತದೆ ಕಣ್ ಕೆಂಪಾಜಿ. ಎದ್ರೆ ಗಿಣಿ ಬತ್ತವೆ."

ಕೆಂಪಾಜಮ್ಮ ಬುತ್ತಿ ಇಳಿಸಿದಳು, ಸೆರಗು ಸಿಕ್ಕಿಸಿಕೊಂಡು ಸಾಲಿಗಿಳಿದು, ಒಂದೊಂದೇ ಕುಡಿ ಚಿವುಟತೊಡಗಿದಳು. ಅವಳಿಗೆ ಅದು ಅಷ್ಟು ಚೆನ್ನಾಗಿ ಬರುತ್ತದೆಂದು ಚಾಮಯ್ಯನಿಗೆ ಇಪ್ಪತ್ತು ವರ್ಷ ತಿಳಿದಿರಲಿಲ್ಲ. ಡಬ್ಬ ಬಡಿಯುತ್ತ ನೋಡಿದ.

ತಿಂಗಳಾದ ಮೇಲೆ ಎರಡು ಹಿಡಿ ಬೀಜದ ಗಂಟು ಕರಿಯಪ್ಪನ ಗಾಡಿ ಏರಿತು. ಚಾಮಯ್ಯ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ ಕೂಗಿದ:

"ಊವಾದ ಮ್ಯಾಕೆ ಏನ್ ಮಾಡಬೇಕು ಅಂತ ಮೇಷ್ಟ್ರು ಕೇಳುದ್ರೆ, ಏನೂ ಮಾಡಬ್ಯಾಡಿ ಅನ್ನು! ಕೈ ಕಟ್ಕಂಡು, ಎಂಡ್ರು ಕುಯ್ಯಿ ಅನ್ನೋಗಂಟ ಕುಂತಿರಬೇಕಂತೆ ಅನ್ನು!"