ಕಲ್ಲವ್ವನ ಐತವಾರಗಳು

ಮರಾಠಿ ಸೀಮೆಯ ಭೋಸರಿಯಲ್ಲಿ, ಕಾರ್ಖಾನೆಗಳ ನಡುವೆ, ಬೇರಿಂಗ್ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ ಕಳೆದಿದ್ದ ಸಿದ್ದಲಿಂಗಪ್ಪನಿಗೆ ಲೋಕದಲ್ಲಿ ಎರಡೇ ಬಗೆಯ ಮಾಲು ಗೊತ್ತು. ಒಂದು ಒರಿಜಿನಲ್, ಇನ್ನೊಂದು ಡುಪ್ಲಿಕೇಟ್. ಪ್ರತಿ ಬೇರಿಂಗನ್ನೂ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಸದ್ದಿನ ಮೇಲೇ ಅದರ ಜಾತಕ ಹೇಳುತ್ತಿದ್ದ. ವ್ಯಾಪಾರಕ್ಕೆ ಇದು ಒಳ್ಳೆಯದೇ. ಆದರೆ ಸಂಜೆ ಅಂಗಡಿ ಮುಚ್ಚಿದರೂ ಈ ಬುದ್ಧಿ ಮುಚ್ಚುತ್ತಿರಲಿಲ್ಲ. ಹಾಲಿನವನು, ಸೊಸೈಟಿಯ ಸೆಕ್ರೆಟರಿ, ಲಗ್ನಪತ್ರಿಕೆ ಕೊಡಲು ಬಂದ ಬೀಗರು, ಎಲ್ಲರ ಮೇಲೂ ಅನುಮಾನವೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹೆಂಡತಿ ಕಲ್ಲವ್ವನೊಬ್ಬಳನ್ನು ಮಾತ್ರ ಮೂವತ್ತು ವರ್ಷ ಅವನು ಪರೀಕ್ಷೆಗೆ ಇಟ್ಟಿರಲಿಲ್ಲ.

ದಸರೆ ಕಳೆದ ಮೇಲೆ ಕಲ್ಲವ್ವ ಪ್ರತಿ ಐತವಾರ ಬೆಳಗ್ಗೆ ಏಳಕ್ಕೇ ಮನೆ ಬಿಡತೊಡಗಿದಳು. ಕೇಳಿದರೆ, “ಅಕ್ಕನ ಬಳಗದಾಗ ವಚನ ಪಾರಾಯಣ ಅದ್ರಿ” ಅನ್ನುವಳು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಸಿಂಧೂರ ಕಾರಿನಲ್ಲಿ ಕರೆದುಕೊಂಡು ಹೋಗುವಳು. ಅವಳು ಮಂಡ್ಯದ ಹುಡುಗಿ, ವಿಮಾನ ನಗರದ ಕಂಪನಿಯೊಂದರಲ್ಲಿ ಕೆಲಸ. ಪಾರಾಯಣಕ್ಕೆ ಹೋದ ಕಲ್ಲವ್ವ ಮಧ್ಯಾಹ್ನ ಬಂದರೆ ಚೀಲದಲ್ಲಿ ಒದ್ದೆ ಬಟ್ಟೆ, ಅಂಗೈಯಲ್ಲಿ ಗುಳ್ಳೆ. ವಚನ ಓದಿ ಅಂಗೈಗೆ ಗುಳ್ಳೆ ಬರಿಸಿಕೊಂಡವರನ್ನು ಸಿದ್ದಲಿಂಗಪ್ಪ ಎಲ್ಲೂ ಕಂಡಿರಲಿಲ್ಲ.

ಮೂರನೇ ಐತವಾರ ಅವನು ದೇವರ ಜಗಲಿಯ ಮುಂದೆ ನಿಂತವನು ನಿಂತಲ್ಲೇ ನಿಂತ. ಕಲ್ಲವ್ವನ ಬೆಳ್ಳಿಯ ಕರಡಿಗೆ ಅಲ್ಲಿತ್ತು, ಒಳಗೆ ಆಕೆಯ ಇಷ್ಟಲಿಂಗ. ಲಿಂಗ ಕಟ್ಟಿಕೊಂಡ ಮನೆತನ ಅವರದು. ಹುಟ್ಟಿದಾಗ ಕೊರಳಿಗೆ ಬಂದದ್ದು ಮಣ್ಣಿನವರೆಗೆ ಜೊತೆಗಿರಬೇಕು. ಹೆರಿಗೆಯ ಹೊತ್ತಿನಲ್ಲೂ ಅದನ್ನು ತೆಗೆಯಲು ಒಪ್ಪದೆ ನರ್ಸಿನ ಸಂಗಡ ಜಗಳಾಡಿದ ಹೆಂಗಸು ಈಗ ಬಿಚ್ಚಿಟ್ಟು ಹೋಗಿದ್ದಾಳೆ. ಲಿಂಗ ನೋಡಬಾರದಂಥ ಕೆಲಸ ಯಾವುದು?

ಬಾಯಿಬಿಟ್ಟು ಆಕೆಯನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳಿಯಾಳು ಎಂಬ ಭಯ. ಬದಲಿಗೆ ಗುರುವಾರ ವಿಜಯಪುರ ಜಿಲ್ಲೆಯ ತವರಿನಲ್ಲಿದ್ದ ಆಕೆಯ ಅಣ್ಣ ರಾಮಲಿಂಗಪ್ಪನಿಗೆ ಫೋನು ಮಾಡಿದ. “ನಿಮ್ಮ ತಂಗಿ ಲಿಂಗ ತಗದಿಟ್ಟು ತಿರಗಾಕತ್ಯಾಳ್ರಿ. ಎಲ್ಲಿಗೆ, ಯಾರ ಕೂಡ, ಒಂದೂ ತಿಳಿವಲ್ದು.”

“ಐತವಾರ ಬರ್ತೀನಿ” ಅಂದು ರಾಮಲಿಂಗಪ್ಪ ಫೋನಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ರಾತ್ರಿ ಸಿದ್ದಲಿಂಗಪ್ಪನ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಅನುಮಾನ ನಿಜವಾದರೆ ಹೆಂಡತಿ ಕೈಬಿಟ್ಟಳು, ಸುಳ್ಳಾದರೆ ತಾನು ಆಡಿದ ಮಾತಿಗೇ ಬಿಟ್ಟಾಳು. ಎರಡರಲ್ಲೂ ಮನೆ ಉಳಿಯುವ ದಾರಿ ಕಾಣಲಿಲ್ಲ. ಭಾವ ಬರುವ ಮೊದಲು ಕಣ್ಣಾರೆ ನೋಡಿಬಿಡಬೇಕೆಂದು ಐತವಾರ ಹೆಲ್ಮೆಟ್ ಹಾಕಿಕೊಂಡು, ಸ್ಕೂಟರಿನಲ್ಲಿ ಸಿಂಧೂರಳ ಕಾರಿನ ಬೆನ್ನು ಹತ್ತಿದ.

ಕಾರು ಊರು ದಾಟಿ ಖಡಕವಾಸಲಾ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಹೋಗಿ ನಿಂತಿತು. ಅಲ್ಲಿ ನಾಲ್ಕಾರು ಉದ್ದನೆಯ ಪ್ಲಾಸ್ಟಿಕ್ ದೋಣಿಗಳು ಬೋರಲಾಗಿ ಬಿದ್ದಿದ್ದವು. ಮೆಕ್ಕೆಜೋಳದ ತೆನೆ ಸುಟ್ಟು ಭುಟ್ಟಾ ಮಾರುವವಳ ಗಾಡಿಯ ಮರೆಯಿಂದ ಅವನು ನೋಡಿದ. ಐವತ್ಮೂರರ ಕಲ್ಲವ್ವ ಪಂಜಾಬಿ ಡ್ರೆಸ್ಸಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಎರಡು ತುದಿಗೂ ಹಲಗೆ ಇದ್ದ ಹುಟ್ಟನ್ನು ಹೆಗಲಿಗಿಟ್ಟುಕೊಂಡು ನಿಂತಿದ್ದಳು. ಜೊತೆಗೆ ಗಂಡಸರ ಸುಳಿವೇ ಇಲ್ಲ. ಅದೂ ಅವನಿಗೆ ಅನುಮಾನವೇ.

ಹೆಲ್ಮೆಟ್ ತೆಗೆಯದೆ ಭುಟ್ಟಾ ಗಾಡಿಯ ಹಿಂದೆ ಬಗ್ಗಿ ನಿಂತವನನ್ನು ಯಾರು ತಾನೆ ಗಮನಿಸುವುದಿಲ್ಲ? ಸಿಂಧೂರ ನೇರ ಅಲ್ಲಿಗೇ ಬಂದಳು. “ಅಂಕಲ್! ನೀವೂ ಕಲಿಯೋಕೆ ಬಂದ್ರಾ? ಆಂಟಿ, ನೋಡಿ, ಸರ್ಪ್ರೈಸ್.”

ಸಿದ್ದಲಿಂಗಪ್ಪ “ಹೌದು” ಅಂದುಬಿಟ್ಟ. ಬೇರೇನು ಹೇಳಿಯಾನು? ಕಲ್ಲವ್ವ ಮೊದಲು ಗಾಬರಿಯಾದಳು, ಆಮೇಲೆ ಅವಳ ಮುಖ ಹಿಗ್ಗಿತು. ಅವನು ಅತ್ತ ನೋಡದೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ.

ಜಾಕೆಟ್ ಕೊಟ್ಟರೆ ಅವನು ಹೊಲಿಗೆ ಜಗ್ಗಿ ನೋಡಿದ, ಒಳಗಿನ ಫೋಮು ಹಿಚುಕಿದ, ಡುಪ್ಲಿಕೇಟ್ ಅಲ್ಲ ತಾನೇ ಎಂದು ಕೇಳಿದ. ಸಿಂಧೂರ ನಗುತ್ತ ಪಟ್ಟಿ ಬಿಗಿದು, ಅವನ ಫೋನನ್ನು ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗೆ ತೂಗುಹಾಕಿದಳು. “ಅಂಕಲ್, ನೀವು ಫ್ರಂಟು. ಆಂಟಿ ಹಿಂದೆ, ಅವರೇ ತಿರುಗಿಸೋದು. ನೆಟ್ಟಗೆ ಕೂತ್ಕೊಳಿ, ಪದೇ ಪದೇ ಹಿಂದೆ ತಿರುಗ್ಬೇಡಿ, ಬೋಟ್ ಮಗಚುತ್ತೆ.”

“ಕೊಳ್ಳಾಗಿಂದು ತಗದಿಡ್ರಿ” ಅಂದಳು ಕಲ್ಲವ್ವ. “ನಾ ಅಂತೂ ಮನ್ಯಾಗ ಜಗಲಿ ಮ್ಯಾಲೆ ಇಟ್ಟು ಬರ್ತೀನಿ. ನಾ ನೀರಿಗೆ ಬಿದ್ರ ಈಸಿ ದಂಡಿಗೆ ಬರ್ತೀನಿ, ಲಿಂಗ ಬಿದ್ರ ಈಸತದೇನ್ರಿ?”

ಅಷ್ಟೇ ವಿಷಯ. ಸಿದ್ದಲಿಂಗಪ್ಪ ತನ್ನ ಕರಡಿಗೆಯನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಸಿಂಧೂರಳ ಕೈಗಿಟ್ಟ. ಯಾವ ತಪ್ಪಿಗಾಗಿ ಹೆಂಡತಿಯ ಮೇಲೆ ದೂರು ಹೇಳಿದ್ದನೋ ಅದನ್ನೇ ತಾನೂ ಮಾಡಿ ದೋಣಿ ಹತ್ತಿದ.

ದೋಣಿ ದಂಡೆ ಬಿಟ್ಟಿತು. ಹತ್ತು ಸಲ ಹುಟ್ಟು ಹಾಕುವಷ್ಟರಲ್ಲಿ ಅವನ ತೋಳು ಸೋತವು. ಹಿಂದಿನಿಂದ ಕಲ್ಲವ್ವನ ಮಾತು ಮಾತ್ರ ನಿಲ್ಲಲಿಲ್ಲ. ತವರು ಭೀಮಾ ದಂಡೆಯದು, ಈಸು ಅಲ್ಲಿ ಕಲಿತದ್ದು. ಲಗ್ನವಾದ ಮೇಲೆ ನೀರಿಗಿಳಿದೇ ಇರಲಿಲ್ಲ. “ಈ ನೀರೂ ಕಡೀಕ ಭೀಮಾಕ್ಕ ಸೇರತದಂತ್ರಿ. ಸಿಂಧೂರ ಮ್ಯಾಪಿನ್ಯಾಗ ತೋರ್ಸಿದಳು. ನೀರಾಗ ಪಡಾವು ನಡಸ್ತೀನಂತ ಹೇಳಿದ್ರ ನೀವು ಪಡಾವು ಒರಿಜಿನಲ್ ಏನು, ನೀರು ಒರಿಜಿನಲ್ ಏನು ಅಂತ ಕೇಳ್ತಿದ್ರಿ. ಚಂದಂಗ ಕಲ್ತು, ನಿಮ್ಮನ್ನ ಮುಂದ ಕುಂದರಿಸಿ ಒಯ್ಯಬೇಕಂತ ಇದ್ದೆ. ನೀವಽ ಬಂದ್ರಿ, ಭಾಳ ಚಲೋ ಆತು.”

ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಎದೆಯ ಮೇಲಿನ ಫೋನು ರಿಂಗಾಯಿತು. ಕಟ್ ಮಾಡಲು ಹೋಗಿ, ಪ್ಲಾಸ್ಟಿಕ್ಕಿನ ಮೇಲೆ ಒದ್ದೆ ಬೆರಳು ಜಾರಿ, ಸ್ಪೀಕರ್ ಶುರುವಾಯಿತು.

“ಬಸ್ಸಿನ್ಯಾಗ ಕುರಕುಂಭ ದಾಟೇನ್ರಿ, ಇನ್ನ ಎರಡು ತಾಸಿಗೆ ಬಂದು ಮುಟ್ತೀನಿ” ಅಂದಿತು ರಾಮಲಿಂಗಪ್ಪನ ಧ್ವನಿ. “ತಂಗಿ ಲಿಂಗ ತಗದಿಟ್ಟು ಯಾರ ಕೂಡ ಹೋಗ್ತಾಳಂತ ತಿಳೀತೇನು?”

“ಆಮ್ಯಾಲೆ ಮಾಡ್ತೀನ್ರಿ” ಎಂದು ಸಿದ್ದಲಿಂಗಪ್ಪ ಹೇಗೋ ಫೋನಿಟ್ಟ.

ಹಿಂದೆ ಹುಟ್ಟಿನ ಸದ್ದು ನಿಂತಿತು. ನೀರಿನ ನಡುವೆ ದೋಣಿ ಸುಮ್ಮನೆ ಅಡ್ಡ ತಿರುಗತೊಡಗಿತು. ಸಿಟ್ಟು ಬಂದರೆ ಎದ್ದು ಅಡಿಗೆಮನೆಗೆ ಹೋಗುವ ಹೆಂಗಸು ಆಕೆ. ಇಲ್ಲಿ ಎದ್ದು ಹೋಗಲು ಜಾಗವಿರಲಿಲ್ಲ.

“ನೀನೂ ಸುಳ್ಳು ಹೇಳಿದ್ದಿ, ಪಾರಾಯಣ ಅಂತ” ಅಂದ ಅವನು. ಅಂದ ಮೇಲೆ ನಾಚಿಕೆಯಾಯಿತು.

“ಹೌದು, ನಿಮ್ಮ ಮುಂದ ಸುಳ್ಳು ಹೇಳಿದೆ. ಅದು ನನ್ನ ತಪ್ಪು” ಅಂದಳು ಕಲ್ಲವ್ವ. “ನೀವು ನನ್ನ ಕೇಳಲಿಲ್ಲ. ನಮ್ಮಣ್ಣನ ಮುಂದ ನನ್ನ ಮರ್ಯಾದಿ ಕಳದ್ರಿ. ಇನ್ನ ತವರಿಗೆ ಹೋದ್ರ ನಾ ಅಲ್ಲಿ ಯಾವ ಮಾರಿ ಹೊತ್ತು ಕೂಡ್ಲಿ?”

ಸಿದ್ದಲಿಂಗಪ್ಪ ಹುಟ್ಟನ್ನು ತೊಡೆಯ ಮೇಲಿಟ್ಟ. ಭಾವನಿಗೆ ತಾನೇ ಫೋನು ಒತ್ತಿದ, ಈ ಸಲ ಸ್ಪೀಕರನ್ನು ತಾನಾಗಿಯೇ ಹಚ್ಚಿದ.

“ಅಣ್ಣಾರ, ನಿಮ್ಮ ತಂಗಿ ಪಡಾವು ನಡಸೂದು ಕಲಿಯಾಕತ್ಯಾಳ್ರಿ. ಲಿಂಗ ನೀರಾಗ ಬೀಳಬಾರದಂತ ಮನ್ಯಾಗ ಇಟ್ಟಿದ್ದಳು. ಆಕಿದೇನೂ ತಪ್ಪಿಲ್ಲ. ನಾ ಹೊಲಸು ವಿಚಾರ ಮಾಡಿದೆ, ನಿಮಗೂ ಹೇಳಿ ತಪ್ಪು ಮಾಡಿದೆ.”

ಬಸ್ಸಿನ ಹಾರ್ನು ಕೇಳಿಸಿತು. “ತಂಗಿ ಎಲ್ಲಿದ್ದಾಳ?” ಅಂದ ರಾಮಲಿಂಗಪ್ಪ.

“ನನ್ನ ಬೆನ್ನ ಹಿಂದ.”

“ಹಂಗಾರ ಇನ್ನೊಮ್ಮೆ ಹೇಳ್ರಿ. ಆಕಿಗಿ ಚಲೋತ್ನಂಗ ಕೇಳೂಹಂಗ.”

ಸಿದ್ದಲಿಂಗಪ್ಪ ಇನ್ನೊಮ್ಮೆ ಹೇಳಿದ. ದಂಡೆಯಲ್ಲಿದ್ದ ಸಿಂಧೂರ ಇತ್ತ ನೋಡುವಷ್ಟು ಗಟ್ಟಿಯಾಗಿ ಹೇಳಿದ. ಫೋನು ಆರಿದ ಮೇಲೂ ಹಿಂದಿನಿಂದ ಸದ್ದಿಲ್ಲ. ಅಳುತ್ತಿದ್ದಾಳೋ, ಹಲ್ಲು ಕಡಿಯುತ್ತಿದ್ದಾಳೋ, ನಾಳೆಯೇ ತವರಿಗೆ ಹೊರಡುವ ವಿಚಾರದಲ್ಲಿದ್ದಾಳೋ, ತಲೆಯೊಳಗೆ ಹುಳು ಮತ್ತೆ ಹರಿಯತೊಡಗಿತು. ಅವನು ಅದರ ಮಾತು ಕೇಳಲಿಲ್ಲ, ಹೆಂಡತಿಯನ್ನೇ ಕೇಳಿದ.

“ಕಲ್ಲವ್ವಾ, ಸಿಟ್ಟು ಅದ ಏನು?”

“ಅದ” ಅಂದಳು ಕಲ್ಲವ್ವ. “ಹುಟ್ಟು ಹಾಕ್ರಿ.”