ಒಂದೇ ಸಲ ಕೇಳಿದ ಪ್ರಶ್ನೆ

ಭೂತಾನದ ಜನರ ಸುಖ ಅಳೆಯುವ ಸರ್ಕಾರಿ ಸಮೀಕ್ಷೆಗೆ ಜೀಪಿನಲ್ಲಿ ಬಂದ ಅಧಿಕಾರಿ ರಿಂಝಿನ್, ಬೆಣ್ಣೆ ಚಹಾ ಕೊಟ್ಟರೆ ಎರಡು ಸಲ ಬೇಡವೆಂದ. ಮರ್ಯಾದಸ್ಥರು ಮೊದಲ ಸಲಕ್ಕೇ ಹೂಂ ಅನ್ನುತ್ತಾರೆಯೆ? ಮನೆಯೊಡತಿ ಲ್ಹಾದೆನ್ ಮೂರನೇ ಸಲ ಒತ್ತಾಯಿಸಿ ಬಟ್ಟಲು ತುಂಬಿದಳು. ಒಳಗೆ ಅವಳ ಗಂಡ ನಿನ್ನೆಯಿಂದ ಕಣ್ಣು ಬಿಟ್ಟಿರಲಿಲ್ಲ. ಆಸ್ಪತ್ರೆ ಬೆಟ್ಟದಾಚೆ.

"ಅಮ್ಮಾ, ಏನಾದ್ರೂ ಸಹಾಯ ಬೇಕಿತ್ತಾ?"

ಹಾಳು ಮರ್ಯಾದೆ! ಅವಳು ಅಲ್ಲಿನ ಸಂಕೋಚದ ವಾಡಿಕೆಯಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ, ಏನೂ ಬೇಡಪ್ಪ" ಎಂದು, ಅವನು ಮತ್ತೆ ಕೇಳಲೆಂದು ಕಾದಳು.

ಅವನು ಟ್ಯಾಬ್ಲೆಟ್ ಮೇಲೆ 'ಬೇಡ' ಒತ್ತಿದ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು, ಆ ಪ್ರಶ್ನೆ ಮಾತ್ರ ಮರಳಲಿಲ್ಲ.

"ನಿಮ್ಮಂಥ ಸುಖಿಗಳು ಕಡಿಮೆ ಕಣಮ್ಮಾ" ಎಂದು ನಗುತ್ತ ಹೊರಟುಬಿಟ್ಟ.

ಜೀಪು ತಿರುವು ದಾಟುವಾಗ ಲ್ಹಾದೆನ್ ಬರಿಗಾಲಲ್ಲಿ ಓಡುತ್ತ ಅರಚಿದಳು: "ಇನ್ನೊಂದ್ಸಲ ಕೇಳೋ ಪುಣ್ಯಾತ್ಮ! ಬರೀ ಚಾಗೆ ನಾನು ಮೂರು ಸಲ ಕೇಳ್ಲಿಲ್ವೇನೋ!"