ಬೊಚ್ಚುಬಾಯಿ ತಾತನ ಕುರ್ಚಿ

ಮೂರು ವರ್ಷ ನಾನು ಫೇಸ್‌ಬುಕ್ಕಿನಲ್ಲಿ ಎಪ್ಪತ್ತೆಂಟು ವರ್ಷದ ಮುದುಕನಾಗಿದ್ದೆ. ಖಾತೆಯ ಹೆಸರು ‘ಬೊಚ್ಚುಬಾಯಿ ತಾತ’. ಮುಖ ಇರಬೇಕಾದ ಜಾಗದಲ್ಲಿ, ನೀರಿನ ಲೋಟದಲ್ಲಿ ಮುಳುಗಿದ ಒಂದು ಹಲ್ಲುಸೆಟ್ಟಿನ ಚಿತ್ರ. ನಿಜ ಹೇಳಬೇಕೆಂದರೆ ನಾನು ಮೂವತ್ತನಾಲ್ಕರ ಹೆಂಗಸು. ಬಾಯಲ್ಲಿ ಮೂವತ್ತೆರಡು ಹಲ್ಲೂ ಭದ್ರವಾಗಿವೆ.

ಹಲ್ಲು ಕಟ್ಟುವುದು ನನ್ನ ಕಸುಬು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆಯುತ್ತಾರೆ. ಹಿಂದಿನ ಕೋಣೆಯಲ್ಲಿ, ಅರ್ಧವೇ ತೆರೆಯುವ ಒಂದು ಕಿಟಕಿಯ ಪಕ್ಕ ಕೂತು, ನಾನು ಮೇಣದಲ್ಲಿ ಹಲ್ಲು ಜೋಡಿಸುತ್ತೇನೆ, ಉಜ್ಜುತ್ತೇನೆ, ಹೊಳಪು ಕೊಡುತ್ತೇನೆ. ತಲೆಗೂದಲಲ್ಲಿ ಯಾವಾಗಲೂ ಬಿಳಿ ಪುಡಿ. ಹೊಗಳಿಕೆ ಡಾಕ್ಟರ ಮೇಜಿನ ಹತ್ತಿರವೇ ನಿಂತುಬಿಡುತ್ತದೆ, ಬೈಗುಳ ಮಾತ್ರ ಗೋಡೆ ದಾಟಿ ನನ್ನವರೆಗೆ ಬರುತ್ತದೆ. ಕೊನೆಯ ಕೆಲಸ ಹೆಸರಿನದು. ಸೆಟ್ಟುಗಳು ಅದಲುಬದಲಾಗದಿರಲಿ ಎಂದು ತೆಳು ಕಾಗದದ ಚೂರಿನಲ್ಲಿ ಹಾಕಿಕೊಳ್ಳುವವರ ಹೆಸರು ಬರೆದು, ಗುಲಾಬಿ ಒಸಡಿನ ಒಳಬದಿಯಲ್ಲಿ ಕೂರಿಸಿ, ಮೇಲೆ ಗಾಜಿನಂಥ ಪದರ ಮುಚ್ಚುವುದು. ಹೆಚ್ಚಿನವರು ಬೇಡ ಎನ್ನುತ್ತಾರೆ. ಎಲ್ಲಾದರೂ ಬಿದ್ದು ಯಾರ ಕೈಗಾದರೂ ಸಿಕ್ಕರೆ ಮಾನ ಹೋಗುತ್ತದಂತೆ.

ಹಲ್ಲು ಕಟ್ಟಿಸಿಕೊಂಡವರದೇ ಒಂದು ಗುಂಪು ಫೇಸ್‌ಬುಕ್ಕಿನಲ್ಲಿದೆ. ಕೆಳಗಿನ ಸೆಟ್ಟು ಊಟಕ್ಕೆ ಕೂತಾಗಲೆಲ್ಲ ಎದ್ದು ಬರುತ್ತದೆಂದು ಅಲ್ಲಿ ಒಬ್ಬರು ಗೋಳಾಡಿದ್ದರು. ನಾನು ನನ್ನ ಸ್ವಂತ ಹೆಸರಿನಲ್ಲೇ, ಎರಡೂ ಕಡೆ ಸಮನಾಗಿ ಅಗಿಯಿರಿ ಎಂದು ವಿವರವಾಗಿ ಬರೆದೆ. ‘ನಿನಗೆಷ್ಟು ಹಲ್ಲು ಬಿದ್ದಿವೆ ಮಗಳೇ?’ ಎಂದರು ಒಬ್ಬರು. ‘ಫೋಟೋ ಚೆನ್ನಾಗಿದೆ, ಎಲ್ಲಿರೋದು?’ ಎಂದ ಇನ್ನೊಬ್ಬ. ಮೈ ಉರಿದುಹೋಯಿತು. ಅವತ್ತೇ ತಾತನಾದೆ. ಅದೇ ಉತ್ತರವನ್ನು ಒಂದಕ್ಷರ ಬದಲಿಸದೆ ತಾತನ ಹೆಸರಲ್ಲಿ ಹಾಕಿದೆ. ನಲವತ್ತು ಜನ ಕೈಮುಗಿದರು.

“ಮದುವೆ ಮಾಡ್ಕೋ ಅಂದ್ರೆ ನೇರವಾಗಿ ತಾತನೇ ಆಗ್ಬಿಟ್ಯಲ್ಲೇ!” ಎಂದಳು ಅಮ್ಮ.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ‘ಹಳೇ ಕೊಡೆ’ ಎಂಬ ಹೆಸರಿನಿಂದ ನನಗೆ ಖಾಸಗಿಯಾಗಿ ಒಂದು ಸಂದೇಶ ಬಂತು. ಕೊಡೆಯ ಕೆಳಗಿದ್ದವರು ನಿವೃತ್ತ ಟೀಚರು, ಎಪ್ಪತ್ತೊಂದು ವರ್ಷ. ನಮ್ಮ ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆಯ ಲೈಬ್ರರಿಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಕಥೆ ಓದುತ್ತಿದ್ದವರು. ಬೇರೆಲ್ಲೋ ಹಲ್ಲು ಕಟ್ಟಿಸಿಕೊಂಡ ಮೇಲೆ ‘ಸ’ ಅಂದರೆ ಸಾಕು, ಶಿಳ್ಳೆ ಬರುತ್ತಿತ್ತು. ಕಥೆಯಲ್ಲಿ ಸಿಂಹ ಬಂದಾಗ ಒಂದು ಮಗು, “ಸಿಂಹ ಶಿಳ್ಳೆ ಹೊಡೀತು!” ಎಂದು ಕೂಗಿತ್ತು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ಅವರು ಹೋಗಲೇ ಇಲ್ಲ. ಮನೆಯಲ್ಲೂ ಮಾತು ಹೂಂ, ಉಹೂಂಗೆ ಇಳಿದಿತ್ತು.

‘ಮಗ ಸೊಸೆಗೂ ತೋರಿಸದ ಬಾಯಿ ಇದು ತಾತ. ನಿಮಗೆ ಮಾತ್ರ ಅರ್ಥ ಆಗುತ್ತೆ’ ಎಂದು ಬರೆದರು. ನಾನು ‘ನನಗೂ ಹಾಗೇ ಆಗಿತ್ತು ತಾಯೀ’ ಎಂದು ಬರೆದೆ. ಬರೆದು ಕಳಿಸಿದ ಮೇಲೆ ನಾಲಿಗೆ ತಾನಾಗಿಯೇ ನನ್ನ ಹಲ್ಲುಗಳನ್ನು ಮುಟ್ಟಿ ನೋಡಿತು.

ಎರಡು ತಿಂಗಳ ನಂತರ ಅವರು ಸೋತರು. ‘ಈ ಶನಿವಾರ ಲೈಬ್ರರಿಗೆ ಹೋಗಿ, ಇನ್ಮೇಲೆ ನಾನು ಓದಲ್ಲ, ಬೇರೆಯವರನ್ನು ನೋಡ್ಕೊಳ್ಳಿ ಅಂತ ಹೇಳಿಬಿಡ್ತೀನಿ.’ ಶಿಳ್ಳೆ ಸಂದೇಶದಲ್ಲಿ ವಾಸಿಯಾಗುವ ರೋಗವಲ್ಲ. ಮುಂದಿನ ಹಲ್ಲುಗಳ ಹಿಂದೆ ಕೂದಲೆಳೆಯಷ್ಟು ತೆಗೆಯಬೇಕು ಅಥವಾ ಸೇರಿಸಬೇಕು. ಅದಕ್ಕೆ ಕೈ ಬೇಕು. ಅದಕ್ಕೇ ತಾತ ಬರೆದ: ‘ನಾನು ಹೇಳುವ ಕ್ಲಿನಿಕ್ಕಿಗೆ ಸೋಮವಾರ ಹೋಗಿ. ಹಿಂದಿನ ಕೋಣೆಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಬಾಯಿ ಸ್ವಲ್ಪ ಜೋರು, ಕೈ ಒಳ್ಳೆಯದು.’ ನನ್ನ ಬಗ್ಗೆ ನಾನೇ ಅಷ್ಟು ಚೆನ್ನಾಗಿ ಬರೆದುಕೊಂಡದ್ದು ಅದೇ ಮೊದಲು.

ಸೋಮವಾರ ಟೀಚರು ಬಂದರು. ಡಾಕ್ಟರು ಬಾಯಿ ನೋಡಿ ಹಿಂದಿನ ಕೋಣೆಗೆ ಕಳಿಸಿದರು. ಇಸ್ತ್ರಿ ಮುರಿಯದ ಬಟ್ಟೆ, ನೀಟಾಗಿ ಬಾಚಿದ ಬಿಳಿ ಕೂದಲು, ಕೈಯಲ್ಲಿ ಮಡಚಿದ ಕರವಸ್ತ್ರ. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದರು.

“ನಿಂಗೆ ತಾತ ಗೊತ್ತಾ? ಹೇಗಿದ್ದಾರೆ ನೋಡೋಕೆ?”

“ಇದ್ದಾರೆ... ಹೀಗೇ,” ಎಂದೆ.

“ಈ ಶಿಳ್ಳೆ ಹೋಯ್ತು ಅಂದ್ರೆ ಮತ್ತೆ ಓದ್ತೀನಿ. ಮೊದಲನೇ ಸಾಲಲ್ಲಿ ಅವ್ರಿಗೆ ಅಂತ ಒಂದು ಕುರ್ಚಿ ಇಡಿಸ್ತೀನಿ. ನೀನು ಕರ್ಕೊಂಡ್ ಬರ್ತೀಯಾ?”

ನಾನು ಸೆಟ್ಟಿಗೆಂದು ಕೈ ಚಾಚಿದೆ. ಅವರು ಆ ಕಡೆ ತಿರುಗಿ ಸೆಟ್ಟು ತೆಗೆದು ನನ್ನ ಕೈಗಿಟ್ಟರು. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂತರು. ಕೆನ್ನೆ ಒಳಗೆ ಹೋಗಿ ಮುಖ ಚಿಕ್ಕದಾಗಿತ್ತು. ಮಗನಿಗೂ ತೋರಿಸದ ಮುಖವನ್ನು ಅವರು ನನಗೆ ತೋರಿಸಿದ್ದು ತಾತನ ಮೇಲಿನ ನಂಬಿಕೆಯಿಂದ. ಉಜ್ಜುವ ಯಂತ್ರ ಹಾಕಿದೆ, ಆರಿಸಿದೆ, ಮತ್ತೆ ಹಾಕಿ ಮುಂದಿನ ಹಲ್ಲುಗಳ ಹಿಂಬದಿಯನ್ನು ಕೂದಲೆಳೆಯಷ್ಟು ತೆಗೆದೆ. ನಾಚಿಕೆಯಾಗುತ್ತಿತ್ತು.

“ಟೀಚರ್, ತಾತ ಬರಲ್ಲ,” ಎಂದೆ. “ತಾತ ಅಂತ ಯಾರೂ ಇಲ್ಲ. ನಾನೇ ಬರೀತಿದ್ದೆ.”

ಅವರು ನನ್ನನ್ನೇ ನೋಡಿದರು. ನನ್ನ ಮುಖವನ್ನು, ಆಮೇಲೆ ನನ್ನ ಹಲ್ಲುಗಳನ್ನು. ಬೈಯೋಣವೆಂದರೆ ಅವರ ಹಲ್ಲು ನನ್ನ ಕೈಯಲ್ಲಿತ್ತು. ಒಂದು ಕೈಯಿಂದ ಕರವಸ್ತ್ರ ಒತ್ತಿಕೊಂಡೇ ಇನ್ನೊಂದು ಕೈ ಚಾಚಿದರು.

“ಇನ್ನೂ ಹೊಳಪು ಕೊಟ್ಟಿಲ್ಲ. ಹೀಗೇ ಹಾಕ್ಕೊಂಡ್ರೆ ನಾಲಿಗೆ ಕೆರೆಯುತ್ತೆ. ಎರಡು ನಿಮಿಷ,” ಎಂದೆ.

ಚಾಚಿದ ಕೈ ಹಾಗೇ ಇತ್ತು. ಅವಸರ ಮಾಡಲಿಲ್ಲ ನಾನು. ಬೇಕಾದ್ದಕ್ಕಿಂತ ಚೆನ್ನಾಗಿಯೇ ಮುಗಿಸಿ, ತೊಳೆದು, ಅಂಗೈ ಮೇಲಿಟ್ಟೆ. ಅವರು ಹಲ್ಲು ಹಾಕಿಕೊಂಡು, ಒಂದು ಮಾತೂ ಆಡದೆ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದರು. ಶಿಳ್ಳೆ ಹೋಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವರು ಇನ್ನೆಂದಾದರೂ ಬಾಯಿ ತೆರೆಯುತ್ತಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಮೇಜಿಗೆ ತಲೆಕೊಟ್ಟು ಅತ್ತೆ.

ಅವತ್ತು ಸಂಜೆ ಖಾತೆಯ ಹೆಸರು ಬದಲಿಸಿದೆ. ಅಪ್ಪ ಅಮ್ಮ ಇಟ್ಟ ಹೆಸರು, ಪೂರ್ತಿಯಾಗಿ. ಚಿತ್ರಕ್ಕೆ ತಲೆತುಂಬ ಬಿಳಿ ಪುಡಿ ಇರುವ ನನ್ನದೇ ಮುಖ. ‘ತಾತ ನಾನೇ. ಹಲ್ಲು ಕಟ್ಟುವವಳು. ನೋವು ನನ್ನದೆಂದು ಹೇಳಿದ್ದು ಸುಳ್ಳು, ಉಪಾಯಗಳು ಸುಳ್ಳಲ್ಲ. ಕ್ಷಮಿಸಿ’ ಎಂದು ಬರೆದು ಹಾಕಿದೆ. ಮುನ್ನೂರು ಜನ ಬಿಟ್ಟುಹೋದರು. ‘ನಾನು ಹೇಳಿಕೊಂಡದ್ದು ತಾತನ ಹತ್ತಿರ, ನಿನ್ನ ಹತ್ತಿರ ಅಲ್ಲ’ ಎಂದು ಒಬ್ಬರು ಬರೆದರು. ಅವರ ಮಾತು ನ್ಯಾಯವಾಗಿತ್ತು, ಅದಕ್ಕೇ ಚುಚ್ಚಿತು. ಇನ್ನೊಬ್ಬರು, ‘ನನ್ನ ಸೆಟ್ಟು ಈಗ ಗಟ್ಟಿಯಾಗಿ ಕೂತಿದೆ. ಹೇಳಿದವರ ಬಾಯಲ್ಲಿ ಹಲ್ಲಿದ್ದರೆ ನನಗೇನು ನಷ್ಟ?’ ಎಂದರು. ಡಾಕ್ಟರು ಬಾಗಿಲಲ್ಲಿ ಇಣುಕಿ, “ಹಿಂದಿನ ಕೋಣೇಲಿ ಇಬ್ರು ಕೆಲಸ ಮಾಡ್ತಿದ್ರು ಅಂತ ಗೊತ್ತೇ ಇರ್ಲಿಲ್ಲ,” ಎಂದು ನಕ್ಕರು. ಹಳೇ ಕೊಡೆಯಿಂದ ಮಾತ್ರ ಏನೂ ಬರಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ, ಗುರುವಾರವೂ ಇಲ್ಲ.

ಶುಕ್ರವಾರ ಅವರೇ ಬಂದರು. ಬಾಯಿಗೆ ಕೈ ಅಡ್ಡ ಇರಲಿಲ್ಲ. ಬಂದವರೇ ಶುರುಮಾಡಿದರು.

“ಎರಡು ದಿನ ತಾತ ಸತ್ತೋದ್ರು ಅಂತ ಅತ್ತೆ. ಮೂರನೇ ದಿನ ಸಿಟ್ಟು ಬಂತು. ರೂಮಿನ ಬಾಗಿಲು ಹಾಕ್ಕೊಂಡು ಗೋಡೆ ಮುಂದೆ ನಿಂತು ನಿನ್ನನ್ನ ಬೈದೆ. ಸುಳ್ಳಿ, ಸೋಗಲಾಡಿ, ಸಾವಿರ ಸಲ ಬೈದೆ. ಸೊಸೆ ಓಡಿ ಬಂದು ಬಾಗಿಲು ಬಡಿದಳು. ‘ಅತ್ತೆ, ಯಾರ ಜೊತೆ ಮಾತಾಡ್ತಿದ್ದೀರಿ? ಎಷ್ಟು ಸ್ಪಷ್ಟವಾಗಿ ಮಾತಾಡ್ತಿದ್ದೀರಿ!’ ಅಂದ್ಳು.”

ಅಷ್ಟೂ ಬೈಗುಳದಲ್ಲಿ ಒಂದೇ ಒಂದು ಶಿಳ್ಳೆ ಇರಲಿಲ್ಲ.

“ಸಿಟ್ಟು ಪೂರ್ತಿ ಹೋಗಿಲ್ಲ,” ಎಂದರು. ಆಮೇಲೆ ಕರವಸ್ತ್ರವಿಲ್ಲದೆ, ನನ್ನೆದುರಿಗೇ ಸೆಟ್ಟು ತೆಗೆದು ಮೇಜಿನ ಮೇಲಿಟ್ಟು, ಕಾಗದದ ಚೂರೊಂದನ್ನು ಎಳೆದುಕೊಂಡು ತಮ್ಮ ಹೆಸರು ಬರೆದರು. ಒಳಗೆ ಕೂರಿಸು ಎಂದು ಬೆರಳಿಂದ ತೋರಿಸಿದರು. ಬೊಚ್ಚುಬಾಯಲ್ಲೇ ನಕ್ಕರು. ನಾನು ನೋಡಿದ ನಗುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ಮಾರನೆಯ ದಿನ ಶನಿವಾರ. ಕೂದಲ ಪುಡಿ ಒರೆಸಿಕೊಂಡು ಲೈಬ್ರರಿಗೆ ಹೋದೆ. ಹಿಂದೆ ಎಲ್ಲಾದರೂ ನಿಂತು ಕೇಳಿ ಬಂದರಾಯಿತು ಅಂದುಕೊಂಡಿದ್ದೆ. ಚಾಪೆಯ ಮೇಲೆ ಮಕ್ಕಳು ಗಿಜಿಗುಡುತ್ತಿದ್ದವು. ಮೊದಲನೇ ಸಾಲಿನಲ್ಲಿ ಒಂದೇ ಒಂದು ಕುರ್ಚಿ. ಅದರ ಬೆನ್ನಿಗೆ ಕಾಗದ ಅಂಟಿಸಿದ್ದರು. ‘ತಾತ’ ಎಂದು ಬರೆದದ್ದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ, ಕೆಳಗೆ ನನ್ನ ಪೂರ್ತಿ ಹೆಸರು ಬರೆದಿದ್ದರು, ಟೀಚರರ ದುಂಡನೆಯ ಅಕ್ಷರದಲ್ಲಿ.

ಹೋಗಿ ಕೂತೆ. ಟೀಚರು ನನ್ನನ್ನೊಮ್ಮೆ ನೋಡಿ, ಪುಸ್ತಕ ತೆರೆದು, ಸಿಂಹದ ಕಥೆ ಓದತೊಡಗಿದರು.